ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ ಕಡೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ನಾಲ್ಕಾರು ಬೆಳ್ಳಿ ರೂಪಾಯಿ ಸಿಗದೆ ಇರುವುದಿಲ್ಲ. ದೇವರ ಕೋಣೆಯ ಭರಣಿಯಲ್ಲಿ, ಅಟ್ಟದ ಪೆಟ್ಟಿಗೆಯಲ್ಲಿ, ಪತ್ತಾಯದ ಮೂಲೆಯಲ್ಲಿ ಅವು ಕೂತಿರುತ್ತವೆ. ನಾನು ನಾಣ್ಯ ಸಂಗ್ರಹಿಸುತ್ತೇನೆ ಎಂದು ಗೊತ್ತಿರುವವರು ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನೀವು ಚಿನ್ನದಂಗಡಿಗೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ.

ಪ್ರಶ್ನೆ: ನಾಣ್ಯ ಕಪ್ಪಾಗಿದೆ. ಹುಣಸೆಹುಳಿ ಹಾಕಿ ತಿಕ್ಕಬಹುದಾ?

ಬೇಡ. ಬೇರೇನೂ ಓದದಿದ್ದರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ವಿಷು ಕಣಿಗೆ ನಾಲ್ಕು ಬೆಳ್ಳಿ ರೂಪಾಯಿ ಇಡುವ ಕ್ರಮ ಇತ್ತು. ಅಕ್ಕಿ, ಸೌತೆಕಾಯಿ, ಕಕ್ಕೆ ಹೂ, ಕನ್ನಡಿ, ಅದರ ಮುಂದೆ ರೂಪಾಯಿ. ಹಿಂದಿನ ದಿನ ಸಂಜೆ ಅವನ್ನು ಹುಣಸೆಹುಳಿ ಮತ್ತು ವಿಭೂತಿ ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಪ್ರತಿ ವರ್ಷ ಇಷ್ಟಪಟ್ಟು ಮಾಡುತ್ತಿದ್ದೆ. ಅವುಗಳಲ್ಲಿ ಒಂದು 1903ರ, ಏಳನೇ ಎಡ್ವರ್ಡ್ ದೊರೆಯ ರೂಪಾಯಿ. ಸಂಗ್ರಹ ಶುರುಮಾಡಿದ ಮೇಲೆ ಅದನ್ನು ಭೂತಗನ್ನಡಿಯಲ್ಲಿ ನೋಡಿದೆ. ರಾಜನ ಕೆನ್ನೆಯ ಮೇಲೆ ಕೂದಲೆಳೆಯಂಥ ಸಾವಿರಾರು ಗೀರುಗಳು. ಕಿವಿಯ ಸುತ್ತಿನ ಗೆರೆಗಳೇ ಅಳಿಸಿಹೋಗಿವೆ. ಆ ಗೀರು ಇನ್ನು ಯಾವ ಕಾಲಕ್ಕೂ ಹೋಗುವುದಿಲ್ಲ. ಆ ನಾಣ್ಯ ಈಗಲೂ ನನ್ನ ಹತ್ತಿರ ಇದೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ. ಅದು ತೆಳ್ಳಗಿನ ಪದರ. ಕೆಳಗಿರುವ ಬೆಳ್ಳಿಗೆ ಅದರಿಂದ ತೊಂದರೆ ಇಲ್ಲ. ಹದವಾಗಿ ಕಪ್ಪಾದ ನಾಣ್ಯವನ್ನು ಸಂಗ್ರಾಹಕರು ಇಷ್ಟಪಟ್ಟು ಕೊಳ್ಳುತ್ತಾರೆ, ಏಕೆಂದರೆ ಅದನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಅದೇ ಗುರುತು. ಟೂತ್‌ಪೇಸ್ಟ್, ಬೂದಿ, ನಿಂಬೆಹುಳಿ, ಅಂಗಡಿಯ ಸಿಲ್ವರ್ ಪಾಲಿಶ್, ಅಡುಗೆ ಸೋಡಾದ ಜೊತೆ ಅಲ್ಯೂಮಿನಿಯಂ ಹಾಳೆ ಯಾವುದೂ ಬೇಡ.

ಪ್ರಶ್ನೆ: ಎಣ್ಣೆ ಜಿಡ್ಡು, ಕುಂಕುಮ ಹಿಡಿದಿದೆ. ಅದನ್ನಾದರೂ ತೆಗೆಯಬೇಡವೇ?

ಜಿಡ್ಡು ತೆಗೆಯಬಹುದು. ಶುದ್ಧ ಅಸಿಟೋನಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೆಗೆಯಿರಿ. ಮೆತ್ತಗಿನ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸಬೇಡಿ. ಅಸಿಟೋನಿಗೆ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ, ದೀಪದ ಹತ್ತಿರ ಈ ಕೆಲಸ ಬೇಡ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಪರಿಮಳ ಎಲ್ಲ ಸೇರಿರುತ್ತದೆ, ಅದೂ ಆಗುವುದಿಲ್ಲ.

ಪ್ರಶ್ನೆ: ನಮ್ಮ ಕಡೆಯ ಮನೆಗಳಲ್ಲಿ ಎಂತೆಂಥ ಬೆಳ್ಳಿ ನಾಣ್ಯ ಸಿಗುತ್ತವೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ನಮ್ಮ ನೆಲದ ಕಥೆಯೇ ಇದರಲ್ಲಿದೆ.

ಕಾಸರಗೋಡು ಒಮ್ಮೆ ಕೆಳದಿ ಅರಸರದ್ದು, ಆಮೇಲೆ ಹೈದರಾಲಿ, ಟಿಪ್ಪುವಿನದ್ದು. 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯದ್ದು. ಮುಂದೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಆಡಳಿತ ಮದ್ರಾಸಿನದ್ದು, ವ್ಯಾಪಾರ ಮಂಗಳೂರು, ತಲಶ್ಶೇರಿ, ಬೊಂಬಾಯಿಗಳ ಜೊತೆ. ಹಾಗಾಗಿ ನಾಲ್ಕೂ ಕಡೆಯ ನಾಣ್ಯ ಇಲ್ಲಿಗೆ ಬಂದಿದೆ.

ಜಾಸ್ತಿ ಸಿಗುವುದು ಬ್ರಿಟಿಷ್ ಇಂಡಿಯಾದ ರೂಪಾಯಿ, ನಮ್ಮ ಹಿರಿಯರು ‘ರಾಣಿ ರೂಪಾಯಿ’, ‘ರಾಜನ ರೂಪಾಯಿ’ ಎನ್ನುತ್ತಿದ್ದರಲ್ಲ, ಅವು. ಅದಕ್ಕೂ ಹಿಂದಿನದು ಮದ್ರಾಸಿನ ಆರ್ಕಾಟ್ ರೂಪಾಯಿ. ಅದನ್ನು ಹೊಡೆಸಿದ್ದು ಕಂಪನಿ, ಆದರೆ ಮೇಲೆ ಇರುವುದು ಮೊಘಲ್ ಬಾದಶಹ ಎರಡನೇ ಆಲಂಗೀರನ ಹೆಸರು, ಪಾರ್ಸಿ ಲಿಪಿಯಲ್ಲಿ. ಹಿಜರಿ 1172, ಆಳ್ವಿಕೆಯ 6ನೇ ವರ್ಷ ಎಂದು ಅಚ್ಚಾಗಿರುತ್ತದೆ. ಆ ಬಾದಶಹ ಸತ್ತು ಎಷ್ಟೋ ಕಾಲವಾದ ಮೇಲೂ ಅದೇ ವರ್ಷ ಹಾಕಿ ಹೊಡೆಯುತ್ತಿದ್ದರು. ಜನಕ್ಕೆ ಆ ಅಚ್ಚು ಪರಿಚಯವಾಗಿತ್ತು, ಬದಲಾಯಿಸಿದರೆ ಯಾರೂ ನಂಬುತ್ತಿರಲಿಲ್ಲ.

ಮದ್ರಾಸಿನದ್ದೇ ಇನ್ನೊಂದು ಚಂದದ ನಾಣ್ಯ ಅರ್ಧ ವರಹ ಮತ್ತು ಕಾಲು ವರಹ. ಒಂದು ಬದಿ ನಕ್ಷತ್ರಗಳ ನಡುವೆ ದೇವಸ್ಥಾನದ ಗೋಪುರ, ಇನ್ನೊಂದು ಬದಿ ಕಮಲದಿಂದ ಮೇಲೇಳುವ ವಿಷ್ಣು. ಸುತ್ತ ಇಂಗ್ಲಿಷ್, ಪಾರ್ಸಿ, ತಮಿಳು, ತೆಲುಗು ಅಕ್ಷರ. ಹತ್ತೊಂಬತ್ತನೇ ಶತಮಾನದ ಮೊದಲ ದಶಕದ ಇದು ಕೈಗೆ ಸಿಕ್ಕರೆ ಯಾವ ಕಾರಣಕ್ಕೂ ಕರಗಿಸಲು ಕೊಡಬೇಡಿ.

ತೆಂಕಲಿನಿಂದ ಬಂದವು ಸಣ್ಣಸಣ್ಣ ಬೆಳ್ಳಿ ಪಣಗಳು. ತಲಶ್ಶೇರಿಗಾಗಿ ಕಂಪನಿ ಹೊಡೆಸಿದ 1799, 1805ರ ಪಣ, ಕಣ್ಣೂರಿನ ಅರಕ್ಕಲ್ ಅಲಿ ರಾಜರ ಪಣ, ಕೊಚ್ಚಿಯ ಶಂಖದ ಪುತ್ತನ್, ತಿರುವಾಂಕೂರಿನ ಚಕ್ರಂ. ಚಕ್ರಂ ಅಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದು ಅನ್ನುವಷ್ಟು ಚಿಕ್ಕದು, ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಇವನ್ನು ಬೆಳ್ಳಿ ಸರದಿಂದ ಉದುರಿದ ಚೂರು ಎಂದುಕೊಂಡಿರುತ್ತಾರೆ.

ಗೋವೆಯಿಂದ ಬಂದ ಕುಟುಂಬಗಳಲ್ಲಿ ಪೋರ್ಚುಗೀಸರ 1881, 1882ರ ‘ರೂಪಿಯಾ’ ಇರಬಹುದು. ಲೂಯಿಸ್ ದೊರೆಯ ತಲೆ ಇರುತ್ತದೆ, ತೂಕ ಬ್ರಿಟಿಷ್ ರೂಪಾಯಿಯಷ್ಟೇ. ಕರಾವಳಿಯ ಹಳೆಯ ವ್ಯಾಪಾರಿ ಮನೆಗಳಲ್ಲಿ ದಪ್ಪ ಹೆಂಗಸಿನ ತಲೆ ಇರುವ ದೊಡ್ಡ ಬೆಳ್ಳಿ ನಾಣ್ಯ ಸಿಕ್ಕರೆ ಅದು ಮರಿಯಾ ತೆರೇಸಾ ಥಾಲರ್. ಅರಬ್ ದೇಶಗಳ ಜೊತೆಗಿನ ವ್ಯಾಪಾರದಲ್ಲಿ ಓಡಾಡಿದ್ದು. 28 ಗ್ರಾಂ ತೂಗುತ್ತದೆ. ಎಲ್ಲದರಲ್ಲೂ 1780 ಎಂದೇ ಇರುತ್ತದೆ, ಆದರೆ ಅದೇ ವರ್ಷ ಹಾಕಿ ಇಪ್ಪತ್ತನೇ ಶತಮಾನದಲ್ಲೂ ಹೊಡೆದಿದ್ದಾರೆ. ಆದ್ದರಿಂದ ವರ್ಷ ನೋಡಿ ಕುಣಿಯಬೇಡಿ.

ಪ್ರಶ್ನೆ: ಟಿಪ್ಪುವಿನ ಆನೆ ಇರುವ ಬೆಳ್ಳಿ ನಾಣ್ಯ ಅಂತ ಒಬ್ಬರು ಕೊಟ್ಟಿದ್ದಾರೆ. ಅಸಲಿಯಾ?

ಟಿಪ್ಪುವಿನ ಆನೆ ಇರುವುದು ತಾಮ್ರದ ನಾಣ್ಯದ ಮೇಲೆ. ಬೆಳ್ಳಿಯ ಮೇಲೆ ಬರೀ ಪಾರ್ಸಿ ಬರಹ. ಅವನ ಬೆಳ್ಳಿ ನಾಣ್ಯಗಳಿಗೆ ಒಂದೊಂದು ಹೆಸರಿತ್ತು. ಎರಡು ರೂಪಾಯಿಯದ್ದು ಹೈದರಿ, ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಖಿರಿ. ಕೊನೆಯಲ್ಲಿ ರೂಪಾಯಿಯ 32ನೇ ಒಂದು ಭಾಗದ ಖಿಜ್ರಿವರೆಗೂ ಇತ್ತು. ಶ್ರೀರಂಗಪಟ್ಟಣ, ನಗರ (ಬಿದನೂರು), ಕಲ್ಲಿಕೋಟೆ ಹೀಗೆ ಹಲವು ಕಡೆ ನಾಣ್ಯ ಹೊಡೆಯುವ ಟಂಕಸಾಲೆಗಳಿದ್ದವು. ತನ್ನದೇ ಮೌಲೂದಿ ಶಕೆ ಶುರುಮಾಡಿದ ಮೇಲೆ ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಕಲಿ ಮಾಡುವವರು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ. ಹೈದರಿ ಸುಮಾರು 23 ಗ್ರಾಂ ತೂಗುತ್ತದೆ, ಅಗಲವಾಗಿ ಬಹಳ ಚಂದ ಇರುತ್ತದೆ. ಅದಕ್ಕೆ ಬೇಡಿಕೆ ಜಾಸ್ತಿ, ನಕಲಿಯೂ ಜಾಸ್ತಿ.

ಪ್ರಶ್ನೆ: ಬ್ರಿಟಿಷ್ ರೂಪಾಯಿಯಲ್ಲಿ ಬೆಳ್ಳಿ ಎಷ್ಟಿರುತ್ತದೆ?

1835ರಿಂದ ಇಡೀ ದೇಶಕ್ಕೆ ಒಂದೇ ರೂಪಾಯಿ ಬಂತು. ತೂಕ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.7. ಶುದ್ಧ ಬೆಳ್ಳಿ 10.69 ಗ್ರಾಂ ಇರುತ್ತದೆ. ಎಂಟಾಣೆ 5.83 ಗ್ರಾಂ, ಪಾವಲಿ (ನಾಲ್ಕಾಣೆ) 2.92, ಎರಡಾಣೆ 1.46. ಒಂದು ತೊಲೆ ಅಂದರೆ ಒಂದು ರೂಪಾಯಿ ತೂಕ. 80 ರೂಪಾಯಿ ತೂಕಕ್ಕೆ ಒಂದು ಸೇರು. ‘ಒಂದು ರೂಪಾಯಿ ತೂಕದ ಶುಂಠಿ’ ಎಂದು ಹಳೆಯ ಔಷಧದ ಚೀಟಿಯಲ್ಲಿ ನೋಡಿದ್ದರೆ ಅದು ಇದೇ ರೂಪಾಯಿ.

1940ರಲ್ಲಿ ಯುದ್ಧದ ಕಾಲ. ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 50 ಪಾಲು ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. 1945ರವರೆಗಿನ ಆರನೇ ಜಾರ್ಜ್ ರೂಪಾಯಿ ಹೀಗೆ. ಅಂಚನ್ನು ನೋಡಿ, ಗೀರುಗಳ ನಡುವೆ ಒಂದು ಕಾಲುವೆಯಂಥ ಗೆರೆ ಸುತ್ತ ಓಡುತ್ತದೆ. 1947ರ ಹುಲಿ ಇರುವ ರೂಪಾಯಿ ಬೆಳ್ಳಿಯೇ ಅಲ್ಲ, ನಿಕ್ಕಲ್. ಅಯಸ್ಕಾಂತಕ್ಕೆ ಟಪ್ ಅಂತ ಅಂಟುತ್ತದೆ. 1919ರ ನಂತರದ ಕೆಲವು ಎಂಟಾಣೆ, ನಾಲ್ಕಾಣೆಗಳೂ ತಾಮ್ರ-ನಿಕ್ಕಲ್ ಮಿಶ್ರಣದವು. ನಾಲ್ಕಾಣೆಗೆ ಎಂಟು ಮೂಲೆ ಇರುವುದರಿಂದ ಸುಲಭವಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಹಾಗಾದರೆ ಬೆಲೆ ಲೆಕ್ಕ ಹಾಕುವುದು ಹೇಗೆ?

ಮೊದಲು ಬೆಳ್ಳಿಯ ಲೆಕ್ಕ. ಆ ದಿನದ ಬೆಳ್ಳಿ ದರ ನೋಡಿ. ಲೆಕ್ಕಕ್ಕೆ ಸುಲಭ ಆಗಲಿ ಎಂದು ಗ್ರಾಂಗೆ 100 ರೂಪಾಯಿ ಹಿಡಿಯೋಣ. 1918ರ ರೂಪಾಯಿಯಲ್ಲಿ 10.69 ಗ್ರಾಂ ಬೆಳ್ಳಿ, ಅಂದರೆ 1069 ರೂಪಾಯಿ. 1942ರದ್ದಾದರೆ 5.83 ಗ್ರಾಂ, 583 ರೂಪಾಯಿ. ಒಂದೇ ಗಾತ್ರ, ಒಂದೇ ತೂಕ, ಬೆಲೆ ಹೆಚ್ಚುಕಮ್ಮಿ ಅರ್ಧ. ಸವೆದಿದ್ದರೆ ತೂಗಿ ಲೆಕ್ಕ ಹಾಕಬೇಕು, 11.4 ಗ್ರಾಂಗೆ ಇಳಿದಿರಬಹುದು.

ಇದು ತಳಮಟ್ಟದ ಬೆಲೆ. ಇದಕ್ಕಿಂತ ಕಡಿಮೆಗೆ ಕೊಡುವ ಅಗತ್ಯ ಇಲ್ಲ. ಇದರ ಮೇಲೆ ಎಷ್ಟು ಏರುತ್ತದೆ ಎನ್ನುವುದು ಮೂರು ವಿಷಯದಲ್ಲಿದೆ: ಯಾವ ವರ್ಷ, ಯಾವ ಟಂಕಸಾಲೆ, ಎಷ್ಟು ಚೆನ್ನಾಗಿ ಉಳಿದಿದೆ. ಹಳೆಯದಾದಷ್ಟೂ ಬೆಲೆ ಜಾಸ್ತಿ ಎನ್ನುವುದು ತಪ್ಪು ತಿಳಿವಳಿಕೆ. 1840ರ ವಿಕ್ಟೋರಿಯಾ ರೂಪಾಯಿ ಬೇಕಾದಷ್ಟು ಸಿಗುತ್ತದೆ. ಅದಕ್ಕಿಂತ ನೂರು ವರ್ಷ ಚಿಕ್ಕದಾದ 1939ರ ರೂಪಾಯಿ ಸಿಗುವುದೇ ಇಲ್ಲ ಅನ್ನುವಷ್ಟು ಅಪರೂಪ.

1917ರಿಂದ 1920ರವರೆಗಿನ ಐದನೇ ಜಾರ್ಜ್ ರೂಪಾಯಿಗಳು ನಮ್ಮಲ್ಲಿ ಮನೆಮನೆಗೂ ಇವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಎಷ್ಟು ಬರ ಬಂತೆಂದರೆ ಸರ್ಕಾರ 1917ರಲ್ಲಿ ಒಂದು ರೂಪಾಯಿ ನೋಟನ್ನೇ ತಂದಿತು. ಅಮೆರಿಕದವರು 1918ರಲ್ಲಿ ಕಾನೂನು ಮಾಡಿ ತಮ್ಮ 25 ಕೋಟಿಗೂ ಜಾಸ್ತಿ ಬೆಳ್ಳಿ ಡಾಲರ್ ಕರಗಿಸಿ ಬ್ರಿಟಿಷರಿಗೆ ಮಾರಿದರು. ಅದು ಬಂದದ್ದು ಭಾರತದ ರೂಪಾಯಿಗಾಗಿ. ನಿಮ್ಮ ಅಜ್ಜ ಅಡಿಕೆ ಮಾರಿ ತಂದ 1919ರ ರೂಪಾಯಿಯಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಸೇರಿರಬಹುದು! ಆದರೆ ಅಷ್ಟೊಂದು ಹೊಡೆದಿರುವುದರಿಂದ ಸವೆದ ನಾಣ್ಯಕ್ಕೆ ಬೆಳ್ಳಿ ದರಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ.

ಪ್ರಶ್ನೆ: ಯಾವ ಯಾವ ವರ್ಷದ್ದನ್ನು ತೆಗೆದಿಟ್ಟುಕೊಳ್ಳಬೇಕು?

1911ರ ಐದನೇ ಜಾರ್ಜ್ ರೂಪಾಯಿ ಇದ್ದರೆ ಪಕ್ಕಕ್ಕಿಡಿ. ರಾಜನ ನಿಲುವಂಗಿಯ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಅದರ ಸೊಂಡಿಲು ಗಿಡ್ಡವಾಗಿ, ನೋಡಿದವರಿಗೆ ಹಂದಿಯ ಹಾಗೆ ಕಂಡಿತು. ದೊಡ್ಡ ಗಲಾಟೆ ಆಗಿ, ಬಹುಪಾಲು ನಾಣ್ಯ ಕರಗಿಸಿದರು. 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

1835ರ ನಾಲ್ಕನೇ ವಿಲಿಯಂ ರೂಪಾಯಿಯಲ್ಲಿ ಕತ್ತಿನ ಕೆಳಗೆ ‘ಆರ್.ಎಸ್.’ ಅಥವಾ ‘ಎಫ್’ ಎಂಬ ಸಣ್ಣ ಅಕ್ಷರ ಇದೆಯೇ, ಇಲ್ಲವೇ ನೋಡಿ. 1840ರದ್ದರಲ್ಲಿ ರಾಣಿಯ ಹೆಸರು ತಲೆಯ ಮೇಲೆ ಒಂದೇ ಓಟದಲ್ಲಿ ಇದೆಯೋ, ಎರಡು ಬದಿಗೆ ಒಡೆದಿದೆಯೋ ನೋಡಿ. ಹಿಂಬದಿಯ ಮಾಲೆಯಲ್ಲಿರುವ ಹಣ್ಣುಗಳನ್ನೂ ಎಣಿಸಬೇಕು. ಹಣ್ಣಿನ ಲೆಕ್ಕ ಬೇರೆಯಾದರೆ ಅಚ್ಚು ಬೇರೆ, ಬೆಲೆಯೂ ಬೇರೆ.

1862ರ ರೂಪಾಯಿಯದ್ದು ಇನ್ನೂ ಸ್ವಾರಸ್ಯ. ವರ್ಷ 1862 ಎಂದು ಇದ್ದರೂ ಅದೇ ವರ್ಷ ಹೊಡೆದದ್ದು ಎಂದು ಹೇಳಲಾಗುವುದಿಲ್ಲ. 1874ರವರೆಗೂ ಅದೇ ವರ್ಷ ಹಾಕಿ ಹೊಡೆದರು. ಬೊಂಬಾಯಿಯವರು ನಿಜವಾದ ವರ್ಷ ತಿಳಿಯಲಿ ಎಂದು ವರ್ಷದ ಕೆಳಗೆ, ಕೆಲವದರಲ್ಲಿ ಮೇಲ್ಭಾಗದಲ್ಲೂ, ಚುಕ್ಕೆಗಳನ್ನು ಇಡುತ್ತಾ ಹೋದರು. ಒಂದು ಡಬ್ಬಿಯಲ್ಲಿ ಹತ್ತು 1862 ಇದ್ದರೆ ಹತ್ತೂ ಬೇರೆಬೇರೆ ಇರಬಹುದು. 1877ರಿಂದ ರಾಣಿಯ ಹೆಸರಿನ ಮುಂದೆ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬರುತ್ತದೆ.

ಇನ್ನು 1939. ಅದೇ ವರ್ಷದ ಎಂಟಾಣೆ, ಪಾವಲಿ ಅಷ್ಟು ಅಪರೂಪವಲ್ಲ, ರೂಪಾಯಿ ಮಾತ್ರ. 1938ರ ಎಂಟನ್ನು ಕೊರೆದು ಒಂಬತ್ತು ಮಾಡಿ ಮಾರುವವರಿದ್ದಾರೆ. ಕೊನೆಯ ಅಂಕೆಯ ಸುತ್ತ ಲೋಹ ಕೆದರಿದೆಯೇ ಎಂದು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡದೆ ದುಡ್ಡು ಕೊಡಬೇಡಿ.

ಪ್ರಶ್ನೆ: ಟಂಕಸಾಲೆ ಯಾವುದೆಂದು ಗೊತ್ತಾಗುವುದು ಹೇಗೆ?

ಕಲ್ಕತ್ತಾದ್ದರಲ್ಲಿ ಸಾಮಾನ್ಯವಾಗಿ ಗುರುತು ಇರುವುದಿಲ್ಲ. ಬೊಂಬಾಯಿಯದ್ದಕ್ಕೆ ‘ಬಿ’ ಅಕ್ಷರ ಇಲ್ಲವೇ ಉಬ್ಬಿದ ಚುಕ್ಕೆ. ಐದನೇ ಜಾರ್ಜ್ ರೂಪಾಯಿಯಲ್ಲಿ ವರ್ಷದ ಕೆಳಗಿನ ಕಮಲದ ಹತ್ತಿರ ಚುಕ್ಕೆ ಹುಡುಕಿ. ಯುದ್ಧಕಾಲದ ಕೊನೆಯ ವರ್ಷಗಳಲ್ಲಿ ಲಾಹೋರಿನಲ್ಲೂ ಹೊಡೆದರು, ಅದಕ್ಕೆ ‘ಎಲ್’.

ಪ್ರಶ್ನೆ: ಅಸಲಿ ಬೆಳ್ಳಿ ಹೌದೋ ಅಲ್ಲವೋ, ಮನೆಯಲ್ಲೇ ನೋಡಬಹುದಾ?

ನೋಡಬಹುದು. ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಅಲ್ಲಿಗೆ ಮುಗಿಯಿತು. ಅಂಟದಿದ್ದರೆ ಬೆಳ್ಳಿ ಎಂದು ಅರ್ಥವಲ್ಲ, ಹಿತ್ತಾಳೆ, ಸೀಸ, ಜರ್ಮನ್ ಸಿಲ್ವರ್ (ಹೆಸರಿಗಷ್ಟೇ ಸಿಲ್ವರ್, ತಾಮ್ರ-ನಿಕ್ಕಲ್-ಸತುವಿನ ಮಿಶ್ರಣ) ಯಾವುದೂ ಅಂಟುವುದಿಲ್ಲ. ಅಂಗಡಿಯಲ್ಲಿ ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳುವವರಿದ್ದಾರೆ, ಹಾಗೆ ಬಡಿದರೆ ಅಂಚು ಹಾಳು.

ನಾನು ನಂಬುವುದು ನೀರಿನ ಪರೀಕ್ಷೆಯನ್ನು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಬೇಕು, ಈಗ ಅಗ್ಗಕ್ಕೆ ಸಿಗುತ್ತದೆ. ನಾಣ್ಯದ ತೂಕ ಬರೆದುಕೊಳ್ಳಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳಗಿನ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳಕ್ಕೂ ಬದಿಗೂ ತಾಗದ ಹಾಗೆ ನೀರಿನಲ್ಲಿ ತೂಗಬಿಡಿ. ತಕ್ಕಡಿ ಈಗ ಒಂದು ಅಂಕೆ ತೋರಿಸುತ್ತದೆ. ಮೊದಲ ತೂಕವನ್ನು ಇದರಿಂದ ಭಾಗಿಸಿ. 1939ರವರೆಗಿನ ರೂಪಾಯಿಗೆ 10.3ರ ಆಸುಪಾಸು ಬರಬೇಕು. 11.66 ಗ್ರಾಂ ನಾಣ್ಯ ನೀರಿನಲ್ಲಿ 1.13 ತೋರಿಸಿದರೆ ಸರಿ ಇದೆ. 1940ರ ನಂತರದ್ದಕ್ಕೆ 9.5 ಬರುತ್ತದೆ. 8.5 ಬಂದರೆ ಕೈಯಲ್ಲಿರುವುದು ಬೆಳ್ಳಿಯಲ್ಲ. ಮೇಲೆ ಬೆಳ್ಳಿ ನೀರು ಕೊಟ್ಟ ನಕಲಿಯೂ ಇಲ್ಲಿ ಸಿಕ್ಕಿಬೀಳುತ್ತದೆ. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ಬೆಳ್ಳಿಯಲ್ಲೇ ಮಾಡಿದ ನಕಲಿ ಇದ್ದರೆ ಕಣ್ಣೇ ಗತಿ. ಎರಕ ಹೊಯ್ದದ್ದಾದರೆ ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು, ಅಕ್ಷರಗಳ ಅಂಚು ಮೊಂಡು, ಬದಿಯಲ್ಲಿ ಸುತ್ತಲೂ ಒಂದು ಜೋಡಣೆಯ ಗೆರೆ.

ಪ್ರಶ್ನೆ: ರಾಮ, ಸೀತೆ, ಹನುಮಂತ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಇದೆ. ಲಕ್ಷಗಟ್ಟಲೆ ಬೆಲೆ ಅನ್ನುತ್ತಾರೆ?

ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ದೇವಸ್ಥಾನಗಳಲ್ಲಿ, ಯಾತ್ರೆಯಲ್ಲಿ ಕೊಳ್ಳುತ್ತಿದ್ದ ರಾಮಟಂಕೆಗಳು ಬೇರೆ. ಅವು ಭಕ್ತಿಯ ಬಿಲ್ಲೆಗಳು, ಹಳೆಯ ಬೆಳ್ಳಿಯವಕ್ಕೆ ತಮ್ಮದೇ ಬೆಲೆ ಇದೆ. ಆದರೆ ಒಂದು ಬದಿ ದೇವರು, ಇನ್ನೊಂದು ಬದಿ ಕಂಪನಿಯ ಹೆಸರು ಮತ್ತು 1616, 1717, 1818 ಇದ್ದರೆ ಈಚೆಗೆ ಮಾಡಿದ್ದು. ಇದೇ ಬಿಲ್ಲೆ ಅಕ್ಕಿಯನ್ನು ಎಳೆಯುತ್ತದೆ, ಅದರಲ್ಲಿ ದಿವ್ಯಶಕ್ತಿ ಇದೆ ಎಂದು ನಂಬಿಸಿ ತೋಟವನ್ನೇ ಅಡವಿಡಿಸಿದ ಪ್ರಕರಣಗಳು ದಕ್ಷಿಣದಲ್ಲೆಲ್ಲ ಆಗಿವೆ. ಅಂಥ ಮಾತು ಬಂದ ಕೂಡಲೇ ಎದ್ದು ಬನ್ನಿ.

ಪ್ರಶ್ನೆ: ಫೋನಿನಲ್ಲಿ ಒಬ್ಬರು ರಿಸರ್ವ್ ಬ್ಯಾಂಕಿನ ಪತ್ರ ತೋರಿಸಿ 20 ಲಕ್ಷ ಕೊಡುತ್ತೇವೆ ಅಂದರು. ಮೊದಲು ತೆರಿಗೆ ಕಟ್ಟಬೇಕಂತೆ?

ಒಂದು ಪೈಸೆಯನ್ನೂ ಕಟ್ಟಬೇಡಿ. ಹಳೆಯ ನಾಣ್ಯ, ನೋಟುಗಳ ವ್ಯಾಪಾರಕ್ಕೆ ತಾನು ಕಮಿಷನ್ ಆಗಲಿ ಶುಲ್ಕ ಆಗಲಿ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ. ನಿಜವಾಗಿ ಕೊಳ್ಳುವವರು ನಿಮಗೆ ದುಡ್ಡು ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ.

ಪ್ರಶ್ನೆ: ಕೊಂಡಿ ಬೆಸೆದ ರೂಪಾಯಿಗೆ ಬೆಲೆ ಇದೆಯಾ?

ಸಂಗ್ರಾಹಕರ ಬೆಲೆ ಹೆಚ್ಚುಕಮ್ಮಿ ಹೋಯಿತು, ಬೆಳ್ಳಿಯ ಬೆಲೆ ಉಳಿಯಿತು. ತೂತು ಹಾಕಿದ್ದಕ್ಕೂ ಇದೇ ಮಾತು. ಕೊಂಡಿ ಕತ್ತರಿಸಿ, ಅರ ಹಾಕಿ ಉಜ್ಜಿದರೆ ಮೊದಲಿನ ಹಾಗೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಬೆಸುಗೆಯ ಕಲೆ ಹೋಗುವುದಿಲ್ಲ. ಸರದಲ್ಲಿ ಪೋಣಿಸಿದ್ದನ್ನು ಸರವಾಗಿಯೇ ಇಟ್ಟುಕೊಳ್ಳಿ. ಅಜ್ಜಿ ಹಾಕಿಕೊಂಡ ಸರವನ್ನು ಮೊಮ್ಮಗಳು ಹಾಕಿಕೊಂಡರೆ ಅದಕ್ಕಿಂತ ಇನ್ನೇನು ಬೇಕು?

ನಾಣ್ಯದ ಮೇಲೆ ಚಿಕ್ಕಚಿಕ್ಕ ಮುದ್ರೆಗಳು ಬಿದ್ದಿದ್ದರೆ ಅದು ಬೇರೆ ವಿಷಯ. ಹಿಂದೆ ಶರಾಫರು, ಅಂದರೆ ನಾಣ್ಯ ವಿನಿಮಯ ಮಾಡುವವರು, ನಾಣ್ಯವನ್ನು ಪರೀಕ್ಷೆ ಮಾಡಿ ತಮ್ಮ ಗುರುತು ಒತ್ತುತ್ತಿದ್ದರು. ಹಳೆಯ ಆರ್ಕಾಟ್, ಸೂರತ್ ರೂಪಾಯಿಗಳಲ್ಲಿ ಇದು ಸಾಮಾನ್ಯ. ಬೆಲೆ ಸ್ವಲ್ಪ ಇಳಿಯುತ್ತದೆ, ನನಗಂತೂ ಆ ಗುರುತುಗಳನ್ನು ನೋಡುವುದೇ ಇಷ್ಟ.

ಪ್ರಶ್ನೆ: ಚಿನ್ನದಂಗಡಿಯಲ್ಲೇ ಕೊಟ್ಟುಬಿಟ್ಟರೆ ಸುಲಭ ಅಲ್ವಾ?

ಸುಲಭ ಹೌದು. ನಮ್ಮ ದೊಡ್ಡಮ್ಮನಿಗೂ ಹಾಗೇ ಅನಿಸಿತ್ತು. ಮದುವೆ ಖರ್ಚಿಗೆಂದು 14 ರೂಪಾಯಿ ಒಯ್ದು ಒಂದು ಅಂಗಡಿಯಲ್ಲಿ ಕೊಟ್ಟರು. ಅಲ್ಲಿ ಎಲ್ಲವನ್ನೂ ಒಟ್ಟಿಗೆ ತೂಗಿ, ಅರ್ಧ ಬೆಳ್ಳಿ ಎಂದು ಲೆಕ್ಕ ಹಾಕಿ, ಮೇಲಿಂದ ವೇಸ್ಟೇಜ್ ಕಳೆದು ದುಡ್ಡು ಕೊಟ್ಟರು. ಅವುಗಳಲ್ಲಿ ಹೆಚ್ಚಿನವು ವಿಕ್ಟೋರಿಯಾ ಕಾಲದವು ಎಂದು ನನಗೆ ನೆನಪಿದೆ, ಅಂದರೆ ನೂರಕ್ಕೆ 91.7 ಬೆಳ್ಳಿ. ಸಂಜೆ ಬಂದು ಹೇಳಿದಾಗ ನಾನು ಮರುದಿನವೇ ಹೋದೆ. ಕರಗಿಸಿ ಆಗಿತ್ತು.

ಕೊಡಲೇಬೇಕಾದರೆ 1939ರವರೆಗಿನದ್ದು ಒಂದು ಗುಂಪು, 1940ರಿಂದ ಈಚಿನದ್ದು ಒಂದು ಗುಂಪು ಮಾಡಿ ಬೇರೆಬೇರೆ ತೂಗಿಸಿ. ಅದಕ್ಕೂ ಮೊದಲು ಪ್ರತಿಯೊಂದರ ಎರಡೂ ಬದಿಯ ಫೋಟೋ ತೆಗೆದು, ಗೊತ್ತಿರುವ ಇಬ್ಬರು ಸಂಗ್ರಾಹಕರಿಗೆ ತೋರಿಸಿ. ಮಂಗಳೂರು, ಬೆಂಗಳೂರುಗಳಲ್ಲಿ ನಾಣ್ಯ ಪ್ರದರ್ಶನಗಳು ಆಗುತ್ತಿರುತ್ತವೆ. ಅಲ್ಲಿ ಹತ್ತು ಮಳಿಗೆ ಸುತ್ತಿದರೆ ಬೆಲೆಯ ಅಂದಾಜು ತಾನಾಗಿ ಬರುತ್ತದೆ. ಮೊದಲ ದಿನವೇ ಮಾರಬೇಡಿ.

ಪ್ರಶ್ನೆ: ತೋಟ ಅಗೆಯುವಾಗ ಸಿಕ್ಕಿದರೆ ನಮ್ಮದೇ ತಾನೇ?

ಅಲ್ಲ. ಮಣ್ಣಿನಲ್ಲಿ ಸಿಕ್ಕಿದ ನಿಧಿಗೆ ಕಾನೂನು ಬೇರೆ ಇದೆ. ಕೇರಳದಲ್ಲಿ ಇದಕ್ಕೆಂದೇ 1968ರ ಕಾಯ್ದೆ ಇದೆ. ವಿಲೇಜ್ ಆಫೀಸಿಗೋ ಪೊಲೀಸರಿಗೋ ತಿಳಿಸಿ, ವಿಷಯ ಕಲೆಕ್ಟರಿಗೆ ಮುಟ್ಟಬೇಕು. 2024ರ ಜುಲೈನಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಉದ್ಯೋಗ ಖಾತರಿಯ ಹೆಂಗಸರು ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುವಾಗ ಒಂದು ಪಾತ್ರೆ ಸಿಕ್ಕಿತು. ಮೊದಲು ಬಾಂಬ್ ಇರಬಹುದೆಂದು ಹೆದರಿದರು. ನೋಡಿದರೆ ಚಿನ್ನದ ಪದಕಗಳು, ಮುತ್ತು, ಬೆಳ್ಳಿ ನಾಣ್ಯ. ಅವರು ಬಚ್ಚಿಡಲಿಲ್ಲ, ಅಧಿಕಾರಿಗಳಿಗೆ ತಿಳಿಸಿದರು. ಅದರಿಂದಾಗಿಯೇ ಆ ನಾಣ್ಯಗಳು ಯಾರವು, ಎಲ್ಲಿಯವು ಎಂದು ಪುರಾತತ್ವದವರು ನೋಡಲು ಸಾಧ್ಯವಾಯಿತು. ಒಟ್ಟಿಗೆ ಸಿಕ್ಕಿದ್ದನ್ನು ಹಂಚಿಕೊಂಡುಬಿಟ್ಟರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಅವನಿಗೆ ಕಳಿಸಬಹುದಾ?

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಒಂದೇ ಆದರೂ, ಸ್ವಂತದ್ದಾದರೂ ಅಷ್ಟೇ. ಗಲ್ಫಿಗೆ ಹೋಗುವವರು ಇಷ್ಟೊಂದು ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಎಲ್ಲರಿಗೂ ಹೇಳಬೇಕು.

ಪ್ರಶ್ನೆ: ನಮ್ಮ ಮಳೆಗಾಲದಲ್ಲಿ ಜೋಪಾನ ಮಾಡುವುದು ಹೇಗೆ?

ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ನಾಣ್ಯವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಳೆಗಾಲದ ನಡುವೆ ಒಮ್ಮೆ ಪೊಟ್ಟಣ ಬದಲಾಯಿಸಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿ ಗಂಧಕ ಇರುತ್ತದೆ, ಸುತ್ತಿದ ಜಾಗದಲ್ಲಿ ಕಪ್ಪು ಪಟ್ಟೆ ಬೀಳುತ್ತದೆ. ನ್ಯೂಸ್‌ಪೇಪರ್, ಉಣ್ಣೆ ಬಟ್ಟೆ, ಕುಂಕುಮದ ಭರಣಿಯೂ ಬೇಡ. ಮೆತ್ತಗಿನ ಪಿವಿಸಿ ಆಲ್ಬಂಗಳಂತೂ ಬೇಡವೇ ಬೇಡ. ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳು ಸಿಗುತ್ತವೆ, ಅವು ಒಳ್ಳೆಯವು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ, ಮುಖದ ಮೇಲೆ ಬೆರಳು ಇಡಬೇಡಿ.

ಅದೇ ರಟ್ಟಿನ ಮೇಲೆ ನಾಣ್ಯ ಯಾರಿಂದ ಬಂತು ಎಂದು ಬರೆಯಿರಿ. ‘ಅಮ್ಮನ ಅಮ್ಮನಿಗೆ ನಾಮಕರಣದಲ್ಲಿ ಸಿಕ್ಕಿದ್ದು’ ಎಂಬ ಒಂದು ಸಾಲು ಸಾಕು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ.

ಪ್ರಶ್ನೆ: ಸ್ವಾತಂತ್ರ್ಯ ಬಂದ ಮೇಲಿನ ಬೆಳ್ಳಿ ನಾಣ್ಯಗಳಿವೆಯಾ?

ಇವೆ. 1969ರ ಗಾಂಧಿ ಶತಾಬ್ದಿಯ 10 ರೂಪಾಯಿ 15 ಗ್ರಾಂ ತೂಗುತ್ತದೆ, ನೂರಕ್ಕೆ 80 ಬೆಳ್ಳಿ. 1972ರ ಸ್ವಾತಂತ್ರ್ಯದ ಬೆಳ್ಳಿಹಬ್ಬದ 10 ರೂಪಾಯಿಯಲ್ಲಿ ಅರ್ಧ ಬೆಳ್ಳಿ. ಆಮೇಲೆ ಬಂದ 100 ರೂಪಾಯಿ ಸ್ಮರಣೆಯ ನಾಣ್ಯಗಳು ಬಹುಪಾಲು 35 ಗ್ರಾಂನವು, ಅವೂ ಅರ್ಧ ಬೆಳ್ಳಿ.

ಪ್ರಶ್ನೆ: ಮನೆಯಲ್ಲಿ ಏನೂ ಇಲ್ಲ. ಹೊಸದಾಗಿ ಶುರುಮಾಡುವುದಾದರೆ ಏನು ಕೊಳ್ಳಲಿ?

ಟಿಪ್ಪುವಿನ ಹೈದರಿಯಿಂದ ಶುರುಮಾಡಬೇಡಿ. ಮೊದಲು ಒಬ್ಬೊಬ್ಬ ದೊರೆಯದ್ದು ಒಂದೊಂದು ರೂಪಾಯಿ ತೆಗೆದುಕೊಳ್ಳಿ: ವಿಲಿಯಂ, ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್. ಐದೇ ನಾಣ್ಯದಲ್ಲಿ 110 ವರ್ಷ ಕೈಗೆ ಬರುತ್ತದೆ. ಎಡ್ವರ್ಡ್ ತಲೆಯ ಮೇಲೆ ಕಿರೀಟ ಇಲ್ಲ, ಉಳಿದವರಲ್ಲಿ ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ಮಕ್ಕಳ ಜೊತೆ ಕೂತು ನೋಡಿ. ಸವೆದ ಹತ್ತರ ಬದಲು ಚೆನ್ನಾಗಿರುವ ಒಂದು ಕೊಳ್ಳಿ. ಬಿಲ್ಲು ಕೇಳಿ ತೆಗೆದುಕೊಳ್ಳಿ. ಸಾಧ್ಯವಾದರೆ ತಿರುವನಂತಪುರದ ಹತ್ತಿರ ನೆಡುಮಂಗಾಡಿನ ಕೋಯಿಕ್ಕಲ್ ಅರಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಅಸಲಿ ನಾಣ್ಯಗಳನ್ನು ನೋಡಿ ನೋಡಿ ಕಣ್ಣು ಪಳಗಬೇಕು.

ಆಮೇಲೆ 1862ರ ರೂಪಾಯಿಗಳ ಕಡೆಗೆ ಬನ್ನಿ. ಅಂಗಡಿಯವರು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಒಂದೇ ಬೆಲೆಗೆ ಕೊಡುತ್ತಾರೆ. ಭೂತಗನ್ನಡಿ ತೆಗೆದುಕೊಂಡು ಹೋಗಿ, ನಿಧಾನಕ್ಕೆ ಚುಕ್ಕೆ ಎಣಿಸಿ.